ಬಿಸಾಡುವ ವಿದ್ಯೆ

ಲೋಕದ ಜನರನ್ನು ನಾನು ಎರಡು ಪಂಗಡವಾಗಿ ವಿಂಗಡಿಸಿಕೊಂಡಿದ್ದೇನೆ: ಇಟ್ಟುಕೊಳ್ಳುವವರು, ಬಿಸಾಡುವವರು. ನಾನು ಮೊದಲನೆಯ ಪಂಗಡಕ್ಕೆ ಸೇರಿದವನು. ನನ್ನ ಹೆಂಡತಿ ಎರಡನೆಯದರ ಆಜೀವ ಅಧ್ಯಕ್ಷೆ. ಮುರಿದ ಛತ್ರಿಯ ಕಡ್ಡಿ, ನಿಂತುಹೋದ ಗಡಿಯಾರದ ಕೀಲಿಕೈ, ಒಂದೇ ಕಿವಿ ಉಳಿದಿರುವ ಕನ್ನಡಕ, ಇವಕ್ಕೆಲ್ಲ ನನ್ನ ಕೋಣೆಯಲ್ಲಿ ಪಿಂಚಣಿ ಸಲ್ಲುತ್ತಿದೆ. ಅವಳು ವಾರಕ್ಕೊಮ್ಮೆ ಬಾಗಿಲಲ್ಲಿ ನಿಂತು ಒಳಗೆ ನೋಡುತ್ತಾಳೆ, ನಿಟ್ಟುಸಿರು ಬಿಡುತ್ತಾಳೆ, ಹೋಗುತ್ತಾಳೆ. ಊರ ಮಕ್ಕಳಿಗೆಲ್ಲ ರಸಾಯನಶಾಸ್ತ್ರ ಕಲಿಸಿದ ಮೇಷ್ಟರಿಗೆ ಮನೆಯ ಕಸ ಯಾವುದು, ಸಾಮಾನು ಯಾವುದು ಎಂಬುದನ್ನು ಕಲಿಸುವವರು ಹುಟ್ಟಲಿಲ್ಲವಲ್ಲ ಎಂಬುದು ಅವಳ ಕೊರಗು.

ಆ ಪಾಠ ನನಗೆ ಈಚೆಗೆ ಆಯಿತು. ಅದೂ ಇಬ್ಬರು ಗುರುಗಳಿಂದ. ಒಬ್ಬ ಗುರು, ನಮ್ಮೆಲ್ಲರ ಮೈಯಲ್ಲೂ ಇರುವ ಜೀವಕೋಶ. ಇನ್ನೊಬ್ಬರು ಕೋಲಾರದ ಚಿನ್ನದ ಗಣಿಯಲ್ಲಿರುವ ನನ್ನ ಅಣ್ಣ.

ಅಣ್ಣನಿಗೆ ಈಗ ೭೮ ವರ್ಷ. ರಾಬರ್ಟ್‌ಸನ್ ಪೇಟೆಯಲ್ಲಿ ಒಂಟಿಯಾಗಿ ಇದ್ದಾರೆ. ಅತ್ತಿಗೆ ತೀರಿಕೊಂಡು ಮೂರು ವರ್ಷವಾಯಿತು. ಎರಡು ವರ್ಷದಿಂದ ಬಲಗೈ ನಡುಗಲು ತೊಡಗಿದೆ. ಪಾರ್ಕಿನ್ಸನ್ ಎಂದರು ವೈದ್ಯರು. ಬೆಂಗಳೂರಿನಲ್ಲಿರುವ ಮಗ "ಇನ್ನು ಸಾಕು, ಬಂದುಬಿಡಿ" ಎಂದು ಹಟ ಹಿಡಿದ. ಕೊನೆಗೆ ಒಪ್ಪಿದ ಅಣ್ಣ ಒಂದು ದಿನ ನನಗೆ ಫೋನು ಮಾಡಿ, "ಮನೆ ಖಾಲಿ ಮಾಡಬೇಕಪ್ಪ. ಐವತ್ತು ವರ್ಷದ ಸಾಮಾನು. ಬಂದು ಸ್ವಲ್ಪ ಕೈ ಹಾಕುತ್ತೀಯಾ?" ಎಂದರು. ನನ್ನ ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಖಾಲಿ ಮಾಡುವುದಕ್ಕೆ ನಿಮ್ಮನ್ನು ಕರೆದರೆ? ಬರುವಾಗ ಅಲ್ಲಿಯದೆಲ್ಲ ಇಲ್ಲಿಗೆ ತರಬೇಡಿ, ಅಷ್ಟೆ" ಎಂದಳು.

ಬಂಗಾರಪೇಟೆಯವರೆಗಿನ ದಾರಿ ಎಲ್ಲರಿಗೂ ತಿಳಿದದ್ದೇ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಲ್ಲಿ ಅದು ಒಂದು ಕಾಲಕ್ಕೆ ಬೌರಿಂಗ್‌ಪೇಟೆ. ಚಿನ್ನದ ಸಹವಾಸದಿಂದ ಬೌರಿಂಗ್ ಬಂಗಾರವಾದನೆಂದು ನಾನು ಮಕ್ಕಳಿಗೆ ಹೇಳಿ ನಗಿಸುತ್ತಿದ್ದೆ. ಇಲ್ಲಿಂದ ಮಾರಿಕುಪ್ಪಂಗೆ ಹೋಗುವ ಕವಲು ದಾರಿ ಶುರುವಾದದ್ದು ೧೮೯೪ರಲ್ಲಿ. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ಸ್ಟೇಷನ್ನುಗಳ ಹೆಸರು ಬರುತ್ತಿದ್ದಂತೆ ಕಿಟಕಿಯಾಚೆ ಬೂದು ಬಣ್ಣದ ಗುಡ್ಡಗಳು ಎದ್ದುನಿಲ್ಲುತ್ತವೆ. ಹೊಸಬರು "ಏನು ಚೆಂದದ ಬೆಟ್ಟ!" ಎನ್ನುತ್ತಾರೆ. ಅವು ಬೆಟ್ಟವಲ್ಲ. ನೂರಿಪ್ಪತ್ತು ವರ್ಷ ಕಾಲ ಕಲ್ಲನ್ನು ಕುಟ್ಟಿ ಪುಡಿ ಮಾಡಿ, ಸಯನೈಡಿನ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಹಿಟ್ಟು. ಊರವರು ಅವನ್ನು ಸಯನೈಡ್ ಗುಡ್ಡ ಎನ್ನುತ್ತಾರೆ. ಗಣಿಗಳು ೨೦೦೧ರ ಫೆಬ್ರುವರಿ ೨೮ರಂದು ಮುಚ್ಚಿದವು. ಗುಡ್ಡಗಳು ಮಾತ್ರ ಇದ್ದಲ್ಲೇ ಇವೆ. ಬೇಸಗೆಯ ಗಾಳಿಗೆ ಆ ಹಿಟ್ಟು ಹಾರಿಬಂದು ಅನ್ನದ ತಟ್ಟೆಯಲ್ಲೂ ಕೂರುತ್ತದೆ.

ನನ್ನ ಕೈಚೀಲದಲ್ಲಿ ಆ ದಿನ ಒಂದು ಪುಸ್ತಕವಿತ್ತು. ಜೀವಕೋಶವು ತನ್ನೊಳಗಿನ ಪ್ರೋಟೀನುಗಳನ್ನು ಗುರುತು ಹಾಕಿ ಒಡೆದುಹಾಕುವ ಬಗೆಯನ್ನು ಕುರಿತದ್ದು. ನಾನು ಓದುವಾಗ ಈ ಅಧ್ಯಾಯ ಯಾವ ಪಠ್ಯದಲ್ಲೂ ಇರಲಿಲ್ಲ. ಅಣ್ಣನ ರೋಗದ ಬೆನ್ನು ಹತ್ತಿ ಓದುತ್ತ ಓದುತ್ತ ಅಲ್ಲಿಗೆ ಬಂದು ಮುಟ್ಟಿದ್ದೆ.

ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಣ್ಣ ಆಗಲೇ ಸಾಮಾನನ್ನೆಲ್ಲ ನಡುಮನೆಗೆ ತಂದು ಹರಡಿದ್ದರು. ಸಹಾಯಕ್ಕೆ ಪಕ್ಕದ ಮನೆಯ ಮುದುಕರು, ಸುರಂಗದಲ್ಲಿ ಕೆಲಸ ಮಾಡಿದವರು, ಬಂದು ಕೂತಿದ್ದರು. ಅವರ ಮಾತು ಮುಕ್ಕಾಲು ತಮಿಳು, ಕಾಲು ಕನ್ನಡ. ಗಣಿಯ ಊರಿನಲ್ಲಿ ಅದಕ್ಕೆ ಯಾರೂ ವ್ಯಾಕರಣ ಕೇಳುವುದಿಲ್ಲ. ಕಾಫಿ ಕುಡಿಯುತ್ತ ಅಣ್ಣ ನನ್ನ ಪುಸ್ತಕ ನೋಡಿ "ಏನದು?" ಎಂದರು.

"ಪ್ರೋಟೀನು ಒಡೆಯುವ ವಿಚಾರ" ಎಂದೆ.

"ಓ, ಗೊತ್ತು ಬಿಡು! ಚಾಂಪಿಯನ್ ರೀಫ್‌ನಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನವರು ಅದಕ್ಕೇ ಅಲ್ಲವೆ ಕಾದು ಕೂತಿದ್ದದ್ದು? ಒಡೆಯಿತೆ ಕೊನೆಗೆ?"

ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಅವರು ಹೇಳುತ್ತಿದ್ದುದು ಪ್ರೋಟೀನು ಅಲ್ಲ, ಪ್ರೋಟಾನು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ವಿಜ್ಞಾನಿಗಳೊಡನೆ ೧೯೮೦ರಲ್ಲಿ ಇಲ್ಲಿಯ ಗಣಿಯೊಳಗೆ, ೨,೩೦೦ ಮೀಟರು ಆಳದಲ್ಲಿ, ೧೪೦ ಟನ್ನಿನ ಕಬ್ಬಿಣದ ಉಪಕರಣವನ್ನಿಟ್ಟು, ಪರಮಾಣುವಿನ ಒಡಲಲ್ಲಿರುವ ಪ್ರೋಟಾನು ಎಂದಾದರೂ ತಾನಾಗಿ ಒಡೆಯುತ್ತದೆಯೇ ಎಂದು ಕಾದಿದ್ದರು. ಒಡೆದ ಗುರುತು ಕಂಡಂತಾಯಿತೆಂದು ಕೆಲವು ಘಟನೆಗಳನ್ನು ಪ್ರಕಟಿಸಿದರು. ಬೇರೆ ದೇಶಗಳ ಇನ್ನೂ ದೊಡ್ಡ ಉಪಕರಣಗಳಿಗೆ ಅದು ಕಾಣಲಿಲ್ಲ.

"ಅದು ಪ್ರೋಟಾನು ಅಣ್ಣ. ಅದು ಒಡೆಯಲೇ ಇಲ್ಲ. ಇದು ಪ್ರೋಟೀನು. ಇದು ದಿನವೂ ಒಡೆಯುತ್ತದೆ. ನೀವು ಕಾಫಿ ಕುಡಿಯುವಷ್ಟರಲ್ಲಿ ನಿಮ್ಮ ಮೈಯಲ್ಲಿ ಲೆಕ್ಕವಿಲ್ಲದಷ್ಟು ಒಡೆದುಹೋಗಿವೆ."

"ಅಯ್ಯೋ, ನಿಲ್ಲಿಸೋ ಹಾಗಿಲ್ಲವೆ?" ಎಂದರು ಅಣ್ಣ, ಲೋಟವನ್ನು ಕೆಳಗಿಡುತ್ತ.

ನಿಲ್ಲಿಸಿದರೆ ಕೆಡುತ್ತೇವೆ ಎಂಬುದೇ ಈ ಕಥೆಯ ಸ್ವಾರಸ್ಯ. ನಮ್ಮ ಮೈ ಒಂದು ಮನೆ ಇದ್ದಂತೆ. ಒಮ್ಮೆ ಕಟ್ಟಿದ ಮೇಲೆ ಅಲ್ಲಲ್ಲಿ ಗಾರೆ ಬಳಿದರಾಯಿತು, ಊಟ ಬರಿಯ ಸೌದೆ ಎಂದು ಹಿಂದೆ ಪಂಡಿತರು ತಿಳಿದಿದ್ದರು. ೧೯೩೦ರ ದಶಕದಲ್ಲಿ ರುಡಾಲ್ಫ್ ಶೋನ್‌ಹೈಮರ್ ಎಂಬ ವಿಜ್ಞಾನಿ, ಜರ್ಮನಿಯಿಂದ ನ್ಯೂಯಾರ್ಕಿಗೆ ಬಂದಾತ, ತೂಕದಿಂದ ಗುರುತು ಹಿಡಿಯಬಹುದಾದ ಸಾರಜನಕವನ್ನು ಇಲಿಗಳ ಆಹಾರದಲ್ಲಿ ಬೆರೆಸಿ ತಿನ್ನಿಸಿದ. ಅದು ಸೌದೆಯಂತೆ ಉರಿದು ಹೊರಗೆ ಹೋಗುವ ಬದಲು ಇಲಿಯ ಮಾಂಸದಲ್ಲಿ ಸೇರಿಕೊಂಡಿತ್ತು. ಆದರೆ ಇಲಿಯ ತೂಕವೇನೂ ಹೆಚ್ಚಿರಲಿಲ್ಲ. ಎಂದರೆ ಹೊಸ ಇಟ್ಟಿಗೆ ಒಳಗೆ ಬಂದಷ್ಟೇ ಹಳೆಯ ಇಟ್ಟಿಗೆ ಹೊರಗೆ ಹೋಗಿತ್ತು. ಮನೆ ನಿಂತಂತೆಯೇ ಇದೆ, ಗೋಡೆ ಮಾತ್ರ ಪ್ರತಿದಿನ ಬದಲಾಗುತ್ತಿದೆ! ಕೆಲವು ಪ್ರೋಟೀನುಗಳ ಆಯುಸ್ಸು ಕೆಲವೇ ನಿಮಿಷ. ಕೆಂಪು ರಕ್ತಕಣದ ಹಿಮೋಗ್ಲೋಬಿನ್ ಸುಮಾರು ೧೨೦ ದಿನ ಬಾಳುತ್ತದೆ. ಕಣ್ಣಿನ ಮಸೂರದೊಳಗಿನವು ನಮ್ಮ ಜೊತೆಗೇ ಮುದಿಯಾಗುತ್ತವೆ.

"ಸರಿ, ಹಳೆಯದು ಹೋಗಬೇಕು. ಅದರಲ್ಲಿ ವಿಶೇಷವೇನು?" ಎಂದರು ಅಣ್ಣ.

ವಿಶೇಷವಿದೆ. ಕಟ್ಟುವುದಕ್ಕೆ ಖರ್ಚು, ಕೆಡವುವುದಕ್ಕೆ ಖರ್ಚೇನು? ಹೊಟ್ಟೆಯಲ್ಲಿ ಬೇಳೆ ಜೀರ್ಣವಾಗಲು ಜೀವಕೋಶದ ಶಕ್ತಿ ಬೇಕಾಗಿಲ್ಲ. ಕತ್ತರಿಸುವ ರಸಗಳೇ ಸಾಕು. ಆದರೆ ಜೀವಕೋಶ ತನ್ನ ಸ್ವಂತ ಪ್ರೋಟೀನನ್ನು ಒಡೆಯುವಾಗ ಮಾತ್ರ ಶಕ್ತಿಯನ್ನು ವ್ಯಯ ಮಾಡುತ್ತದೆ ಎಂದು ೧೯೫೩ರಲ್ಲೇ ಕಂಡುಬಂದಿತ್ತು. ಕಸ ಎಸೆಯಲು ಕೈಯಿಂದ ಕಾಸು ಕೊಡುವ ಈ ವಿಚಿತ್ರ ಗೃಹಸ್ಥ ಯಾರು? ಇಪ್ಪತ್ತೈದು ವರ್ಷ ಈ ಒಗಟು ಹಾಗೆಯೇ ಉಳಿಯಿತು.

ಅದನ್ನು ಬಿಡಿಸಿದವರು ಇಸ್ರೇಲಿನ ಹೈಫಾ ಪಟ್ಟಣದ ಅವ್ರಾಮ್ ಹರ್ಷ್ಕೊ, ಅವರ ಶಿಷ್ಯ ಆರನ್ ಚೆಹನೋವರ್ ಮತ್ತು ಅಮೆರಿಕದ ಫಿಲಡೆಲ್ಫಿಯಾದ ಅರ್ವಿನ್ ರೋಸ್. ಹರ್ಷ್ಕೊ ಹಂಗೆರಿಯಲ್ಲಿ ೧೯೩೭ರಲ್ಲಿ ಹುಟ್ಟಿ, ಬಾಲ್ಯದಲ್ಲೇ ನಾಜಿಗಳ ಕೈಗೆ ಸಿಕ್ಕಿ ಬದುಕಿ ಬಂದವರು. ಗುರುಶಿಷ್ಯರು ಮೊಲದ ಎಳೆಯ ರಕ್ತಕಣಗಳ ರಸವನ್ನು ತೆಗೆದು ಎರಡು ಪಾಲು ಮಾಡಿದರು. ಕೆಲಸದ ಅಂಶ ಎರಡನೆಯ ಪಾಲಿನಲ್ಲಿದೆಯೆಂದು ಅವರ ನಿರೀಕ್ಷೆ. ಮೊದಲನೆಯದು ಬರಿಯ ಹಿಮೋಗ್ಲೋಬಿನ್ನಿನ ಕೆಂಪು ನೀರು, ಚೆಲ್ಲತಕ್ಕದ್ದು. ಆದರೆ ಎರಡನೆಯದು ಒಂಟಿಯಾಗಿ ಕೆಲಸ ಮಾಡಲೊಲ್ಲದು. ಚೆಲ್ಲತಕ್ಕ ಆ ಕೆಂಪು ನೀರನ್ನು ಮತ್ತೆ ಸೇರಿಸಿದರೆ ಕೆಲಸ ನಡೆಯಿತು! ಅದರಲ್ಲಿ ಏನೋ ಇದೆ. ಹುಡುಕುವುದು ಹೇಗೆ? ಕುದಿಸಿಬಿಟ್ಟರು. ಹಿಮೋಗ್ಲೋಬಿನ್ ಗಸಿಯಾಗಿ ತಳಕ್ಕೆ ಕೂತಿತು. ಮೇಲೆ ನಿಂತ ತಿಳಿನೀರಿನಲ್ಲಿ ಗುಣ ಹಾಗೆಯೇ ಇತ್ತು. ಕುದಿಸಿದರೂ ಕೆಡದ ಒಂದು ಪುಟ್ಟ ಪ್ರೋಟೀನು ಅದು.

ಇಷ್ಟು ಹೇಳುವಷ್ಟರಲ್ಲಿ ಅಣ್ಣನ ಕಣ್ಣು ಅರಳಿತ್ತು. ಏಕೆಂದರೆ ಅವರದೂ ಅದೇ ಕಸುಬು.

ಅಣ್ಣ ಗಣಿಯ 'ಅಸ್ಸೇ ಆಫೀಸಿ'ನಲ್ಲಿದ್ದವರು. ಅದಿರಿನ ಪರೀಕ್ಷಾಲಯ ಎನ್ನಿ. ಸುರಂಗದಿಂದ ಚೂರು ಚೂರಾಗಿ ಕೆತ್ತಿ ತಂದ ಕಲ್ಲಿನ ಮಾದರಿಯನ್ನು ಅರೆದು, ಸೀಸದ ಬೂದಿ, ಸೋಡಾ, ಬಿಳಿಗಾರ ಬೆರೆಸಿ ಮೂಸೆಯಲ್ಲಿಟ್ಟು ಕುಲುಮೆಗೆ ಹಾಕುತ್ತಿದ್ದರು. ಕರಗಿದ ಸೀಸ ಚಿನ್ನವನ್ನು ಬಾಚಿಕೊಂಡು ತಳದಲ್ಲಿ ಗುಂಡಿಯಂತೆ ಗಟ್ಟಿಯಾಗುತ್ತದೆ. ಕಲ್ಲಿನ ಕಿಟ್ಟ ಮೇಲೆ ಉಳಿಯುತ್ತದೆ. ಆ ಗುಂಡಿಯನ್ನು ಮೂಳೆಬೂದಿಯ ಬಟ್ಟಲಿನಲ್ಲಿಟ್ಟು ಮತ್ತೆ ಕಾಸಿದರೆ ಸೀಸವನ್ನೆಲ್ಲ ಬಟ್ಟಲೇ ಕುಡಿದುಬಿಡುತ್ತದೆ. ಕೊನೆಗೆ ಸಾಸಿವೆಗಿಂತ ಸಣ್ಣ ಒಂದು ಮಣಿ ಹೊಳೆಯುತ್ತ ಕೂತಿರುತ್ತದೆ. ಅದರ ಬೆಳ್ಳಿಯನ್ನು ಆಮ್ಲದಲ್ಲಿ ಕರಗಿಸಿ ಕಳೆದರೆ ಉಳಿದದ್ದು ಚಿನ್ನ. ಅದನ್ನು ಚಿಮಟದಿಂದ ಎತ್ತಿ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ತೂಗಬೇಕು. ಉಸಿರು ಬಿಟ್ಟರೆ ತಕ್ಕಡಿ ಅಲುಗುತ್ತದೆ. ಆ ತೂಕದ ಮೇಲೆ ಸುರಂಗದ ಆ ಜಾಗದ ಕಲ್ಲು ಗಿರಣಿಗೆ ಹೋಗಬೇಕೋ ಕಸಕ್ಕೆ ಹೋಗಬೇಕೋ ಎಂಬ ತೀರ್ಮಾನ. ಅಣ್ಣನ ಬಲಗೈ ಇಪ್ಪತ್ತೆಂಟು ವರ್ಷ ಮಾಡಿದ್ದು ಈ ಕೆಲಸ. ಈಗ ಆ ಕೈಯೇ ಮಡಿಲಲ್ಲಿ ಕೂತು, ಕಾಣದ ಮಾತ್ರೆಯನ್ನು ಬೆರಳುಗಳ ನಡುವೆ ಉರುಟುವ ಹಾಗೆ ನಡುಗುತ್ತಿತ್ತು.

"ಕಲ್ಲು ಕೆತ್ತುವವನು ಬೇರೆ, ತರುವವನು ಬೇರೆ, ತೂಗುವವನು ಬೇರೆ" ಎಂದರು ಅಣ್ಣ. "ಒಬ್ಬನ ಮಾತಿನ ಮೇಲೆ ಯಾವುದನ್ನೂ ಕಸ ಅನ್ನುತ್ತಿರಲಿಲ್ಲ. ನಿನ್ನ ಜೀವಕೋಶದಲ್ಲಿ ಹೇಗೆ?"

ಅಲ್ಲಿಯೂ ಹಾಗೆಯೇ! ಹೈಫಾದವರು ಕಂಡ ಆ ಪುಟ್ಟ ಪ್ರೋಟೀನು, ಒಡೆಯಬೇಕಾದ ಪ್ರೋಟೀನಿನ ಮೈಗೇ ಹೋಗಿ ಅಂಟಿಕೊಳ್ಳುತ್ತದೆ ಎಂದು ೧೯೮೦ರಲ್ಲಿ ಫಿಲಡೆಲ್ಫಿಯಾದ ರೋಸ್ ಅವರ ಜೊತೆಗೂಡಿ ತೋರಿಸಿದರು. ಅದು ಚೀಟಿ. ವಿಚಾರಿಸಿ ನೋಡಿದರೆ ಆ ಚೀಟಿ ಹಳೆಯ ಪರಿಚಯದ್ದೇ. ೧೯೭೫ರಲ್ಲಿ ಗಿಡಿಯನ್ ಗೋಲ್ಡ್‌ಸ್ಟೀನ್ ಎಂಬವರು ಅದನ್ನು ಕರುವಿನ ಗ್ರಂಥಿಯೊಂದರಲ್ಲಿ ಕಂಡು, ಎಲ್ಲ ಕಡೆಯೂ ಇರುವುದೆಂದು ಲ್ಯಾಟಿನ್ ಭಾಷೆಯಿಂದ ಯುಬಿಕ್ವಿಟಿನ್ ಎಂಬ ಹೆಸರಿಟ್ಟಿದ್ದರು. ಸರ್ವಾಂತರ್ಯಾಮಿ ಎನ್ನೋಣ. ೭೬ ಅಮೈನೊ ಆಮ್ಲಗಳ ಪುಟ್ಟ ಸರ. ಯೀಸ್ಟಿನಲ್ಲಿರುವುದಕ್ಕೂ ನಮ್ಮದಕ್ಕೂ ಮೂರೇ ಮಣಿಗಳ ವ್ಯತ್ಯಾಸ.

ಚೀಟಿ ಅಂಟಿಸುವುದಕ್ಕೆ ಮೂರು ಮಂದಿ ಬೇಕು. ಮೊದಲನೆಯವನು ಶಕ್ತಿಯನ್ನು ವ್ಯಯಿಸಿ ಚೀಟಿಗೆ ಗೋಂದು ಹಚ್ಚುತ್ತಾನೆ. ಎರಡನೆಯವನು ಅದನ್ನು ಹೊತ್ತು ತರುತ್ತಾನೆ. ಮೂರನೆಯವನು, ಅವನೇ ಪಾರಖಿ, ಇಂಥದಕ್ಕೇ ಅಂಟಿಸು ಎಂದು ತೋರಿಸುತ್ತಾನೆ. ಮನುಷ್ಯನ ಮೈಯಲ್ಲಿ ಮೊದಲನೆಯ ಜಾತಿಯವರು ಇಬ್ಬರೇ. ಎರಡನೆಯವರು ಸುಮಾರು ನಲವತ್ತು. ಪಾರಖಿಗಳು ಮಾತ್ರ ಆರುನೂರಕ್ಕೂ ಮೇಲೆ. ಒಬ್ಬೊಬ್ಬರಿಗೆ ಕೆಲವು ಪ್ರೋಟೀನುಗಳದು ಮಾತ್ರ ಗೊತ್ತು. ಅಷ್ಟಾದರೂ ಒಂದು ಚೀಟಿಗೆ ಬೆಲೆಯಿಲ್ಲ. ಒಂದೇ ಚೀಟಿ ಎಂದರೆ ಎಷ್ಟೋ ಸಲ 'ಜಾಗ ಬದಲಿಸು' ಎಂಬಂಥ ಬೇರೆಯೇ ಅಪ್ಪಣೆ. ಚೀಟಿಯ ಮೇಲೆ ಚೀಟಿ, ಸಾಮಾನ್ಯವಾಗಿ ನಾಲ್ಕಾದರೂ ಸರಪಳಿಯಾದಾಗ ಪ್ರೋಟಿಯಸೋಮ್ ಎಂಬ ಪೀಪಾಯಿ ಬಾಗಿಲು ತೆರೆಯುತ್ತದೆ. ಒಳಗೆ ಹೋದದ್ದು ತುಂಡು ತುಂಡಾಗಿ ಹೊರಬರುತ್ತದೆ. ಆ ತುಂಡುಗಳಿಂದ ಹೊಸ ಪ್ರೋಟೀನು ಕಟ್ಟುತ್ತಾರೆ. ಚೀಟಿಗಳನ್ನು ಮಾತ್ರ ಬಾಗಿಲಲ್ಲೇ ಬಿಡಿಸಿ ವಾಪಸು ಕೊಡುತ್ತಾರೆ, ಮುಂದಿನದಕ್ಕಾಗಿ. ಕಾಸು ಕೊಡುವುದು ಒಡೆಯುವುದಕ್ಕಿಂತ ಹೆಚ್ಚಾಗಿ ಆರಿಸುವುದಕ್ಕೆ. ಒಗಟಿನ ಉತ್ತರ ಇಷ್ಟೆ. ಆ ಮೂವರಿಗೆ ೨೦೦೪ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ಅಣ್ಣ ಹೆಸರಿಸಿದ ಟಾಟಾ ಸಂಸ್ಥೆಯದೇ ಶಾಖೆಯಾದ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ರಣಬೀರ್ ದಾಸ್ ಮತ್ತು ಅವರ ಸಂಗಡಿಗರು ಈ ಚೀಟಿಯ ವ್ಯವಹಾರವನ್ನೇ ಅಭ್ಯಾಸ ಮಾಡುತ್ತಿದ್ದಾರೆ. ಪ್ರೋಟಾನಿನಿಂದ ಪ್ರೋಟೀನಿಗೆ ಒಂದೇ ಮನೆತನದ ನಂಟು! ಅಣ್ಣ ತಪ್ಪಿದ್ದರೂ ತೀರ ದಾರಿ ತಪ್ಪಿರಲಿಲ್ಲ.

"ಹಾಗಾದರೆ ನಾವೂ ಹಾಗೇ ಮಾಡೋಣ" ಎಂದರು ಅಣ್ಣ.

ನಾನು ತಮಾಷೆ ಎಂದುಕೊಂಡೆ. ಅವರು ಹಳೆಯ ಕ್ಯಾಲೆಂಡರನ್ನು ಚೀಟಿಯಾಗಿ ಹರಿಯಲು ನನಗೆ ಕೊಟ್ಟರು. ಮೈದಾ ಅಂಟು ಕಾಯಿಸಿ ಹಚ್ಚುವವನು ನಾನು. ಒಯ್ಯುವವರು ಪಕ್ಕದ ಮನೆಯ ಮುದುಕರು. ತೋರಿಸುವವರು ಅಣ್ಣ. ನಾಲ್ಕು ಚೀಟಿ ಬಿದ್ದದ್ದು ಗುಜರಿಗೆ. ಮುದುಕರಿಗೆ ಮಾತ್ರ ಇದು ಹಿಡಿಸಲಿಲ್ಲ. "ಈ ಊರಲ್ಲಿ ಗುರುತು ಹಾಕೋದು ಒಳ್ಳೇದಲ್ಲ ಸಾರ್" ಎಂದರು. ೧೯೩೦ರಲ್ಲಿ ಕಾರ್ಮಿಕರೆಲ್ಲರ ಬೆರಳಚ್ಚು ಹಿಡಿಯಲು ಹೊರಟಾಗ ಸಾವಿರಾರು ಜನ ಕೆಲಸ ಬಿಟ್ಟು ಕೂತಿದ್ದರು. ಅವರ ತಾತನೂ ಒಬ್ಬರಂತೆ. "ಮನುಷ್ಯರಿಗೆ ಹಾಕಬಾರದು, ನಿಜ. ಇದು ಮುರಿದ ಸ್ಟೂಲು" ಎಂದು ಅಣ್ಣ ಸಮಾಧಾನ ಹೇಳಿದರು.

ಸ್ಟೂಲಿಗೆ ನಾಲ್ಕು ಬಿದ್ದವು. ತಳ ಹೋದ ಬಿಂದಿಗೆಗೆ ನಾಲ್ಕು. ಅತ್ತಿಗೆಯ ಹೊಲಿಗೆಯಂತ್ರಕ್ಕೆ ಒಂದು ಬಿತ್ತು. ಅಣ್ಣ ಅದನ್ನು ನೋಡುತ್ತ ಸ್ವಲ್ಪ ಹೊತ್ತು ಕೂತರು. "ಇದು ಜಾಗ ಬದಲಿಸು ಅಂತ ಇರಲಿ" ಎಂದರು. ಅದು ಮುದುಕರ ಸೊಸೆಯ ಮನೆಗೆ ಹೋಯಿತು. ಗುಜರಿಯವನು ಗಾಡಿ ತಂದಾಗ ಅಣ್ಣ ಬಾಗಿಲಲ್ಲಿ ನಿಂತು, ಪ್ರತಿ ಸಾಮಾನಿನ ಚೀಟಿಗಳನ್ನೂ ಬಿಡಿಸಿ ವಾಪಸು ಇಸಿದುಕೊಂಡರು. ಗುಜರಿಯವನು ನನ್ನ ಮುಖ ನೋಡಿದ. ನಾನು ಪ್ರೋಟಿಯಸೋಮ್ ಎಂದು ಹೇಳಬಹುದಾಗಿತ್ತು, ಸುಮ್ಮನಿದ್ದೆ.

ಸಂಜೆ ನಡುಮನೆಯ ನೆಲ ಕಾಣಿಸಿತು. ಅಣ್ಣ ಗೋಡೆಗೆ ಒರಗಿ ಕೂತು, ಬೆಳಗಿನಿಂದ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದರು. "ನನ್ನ ಕೈಯಲ್ಲಿ ಏನಾಗಿದೆ? ಅದೂ ಆ ಪುಸ್ತಕದಲ್ಲಿದೆಯಾ?"

ಇದೆ. ಮಿದುಳಿನ ಬುಡದಲ್ಲಿ ಡೋಪಮೀನ್ ತಯಾರಿಸುವ ಜೀವಕೋಶಗಳು ಸಾಯುತ್ತ ಬರುವುದರಿಂದ ಈ ರೋಗ. ಈ ರೋಗದವರ ಮಿದುಳಿನ ಕೋಶಗಳೊಳಗೆ ಒಂದು ಬಗೆಯ ಗುಂಡನೆಯ ಗಂಟು ಇರುವುದನ್ನು ಲೂಯಿ ಎಂಬ ಜರ್ಮನ್ ವೈದ್ಯರು ೧೯೧೨ರಲ್ಲೇ ಕಂಡಿದ್ದರು. ಅದು ತಪ್ಪಾಗಿ ಮಡಚಿಕೊಂಡ ಪ್ರೋಟೀನಿನ ರಾಶಿ. ಆ ರಾಶಿಯಲ್ಲಿ ಯುಬಿಕ್ವಿಟಿನ್ ಕೂಡ ಸಿಕ್ಕುತ್ತದೆ. ಎಂದರೆ, ಚೀಟಿ ಅಂಟಿದೆ, ಗಾಡಿ ಬಂದಿಲ್ಲ. ಸಣ್ಣ ವಯಸ್ಸಿನಲ್ಲೇ ಇಂಥ ನಡುಕ ಬರುವ ಕೆಲವು ಮನೆತನಗಳಲ್ಲಿ ಕೆಟ್ಟಿರುವ ಪಾರ್ಕಿನ್ ಎಂಬ ಜೀನನ್ನು ಜಪಾನಿನವರು ೧೯೯೮ರಲ್ಲಿ ಗುರುತಿಸಿದರು. ಪಾರ್ಕಿನ್ ಚೀಟಿ ಅಂಟಿಸುವ ಪಾರಖಿಗಳಲ್ಲಿ ಒಬ್ಬ ಎಂದು ಎರಡು ವರ್ಷದ ಮೇಲೆ ತಿಳಿಯಿತು. ಅಣ್ಣನಂತೆ ಮುಪ್ಪಿನಲ್ಲಿ ಬರುವುದಕ್ಕೆ ಆ ಒಂದೇ ಕಾರಣವಲ್ಲ. ಆದರೂ ಕಳೆಯಬೇಕಾದದ್ದು ಕಳೆಯದೆ ಉಳಿದ ಲಕ್ಷಣ ಅಲ್ಲಿಯೂ ಇದೆ. ಇದರ ವಿರುದ್ಧದ ಮಾತೂ ನಿಜ: ಎಲುಬಿನ ಮಜ್ಜೆಯ ಒಂದು ಕ್ಯಾನ್ಸರಿನಲ್ಲಿ ಆ ಪೀಪಾಯಿಗೇ ಬಿರಡೆ ಹಾಕುವ ಔಷಧ, ಬಾರ್ಟೆಜೋಮಿಬ್, ೨೦೦೩ರಿಂದ ಬಳಕೆಯಲ್ಲಿದೆ. ತನ್ನ ಕಸ ತಾನೇ ಕಳೆಯಲಾರದೆ ಕೆಟ್ಟ ಕೋಶ ಸಾಯುತ್ತದೆ. ಕಳೆಯುವ ಶಕ್ತಿ ಹೋದರೆ ಒಳ್ಳೆಯದೂ ಬದುಕದು, ಕೆಟ್ಟದ್ದೂ ಬದುಕದು.

ನಾನು ಇದನ್ನೆಲ್ಲ ಮೆತ್ತಗೆ, ಸುತ್ತಿ ಬಳಸಿ ಹೇಳಿದೆ. ಅಣ್ಣ ಕಿಟಕಿಯಾಚೆ ನೋಡಿದರು. ಅಲ್ಲಿ ಗುಡ್ಡದ ಮೇಲೆ ಬಿಸಿಲು ಇಳಿಯುತ್ತಿತ್ತು.

"ಸರಿ ಹಾಗಾದರೆ, ನನ್ನ ತಲೆಯಲ್ಲಿ ಒಂದು ಸಯನೈಡ್ ಗುಡ್ಡ ಬೆಳೆದಿದೆ ಅನ್ನು" ಎಂದರು.

ನನಗೆ ಮಾತು ಹೊರಡಲಿಲ್ಲ. ಪಕ್ಕದ ಮನೆಯ ಮುದುಕರೇ ಕಾಪಾಡಿದರು. "ಅದರೊಳಗೂ ಚಿನ್ನ ಇದೆಯಂತಲ್ಲ ಸಾರ್?" ಎಂದರು. ನಿಜ. ಆ ೧೩ ಗುಡ್ಡಗಳ ಹಿಟ್ಟನ್ನು ಮತ್ತೆ ಜಾಲಿಸಿ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ ರಾಜ್ಯದ ಮಂತ್ರಿಮಂಡಲ ೨೦೨೪ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ಒಂದು ಕಾಲದ ತಕ್ಕಡಿಗೆ ಕಸ. ಇನ್ನೊಂದು ಕಾಲದ ತಕ್ಕಡಿಗೆ ಅದಿರು. ಅಣ್ಣ ನಕ್ಕರು. "ನಾನು ಕಸ ಅಂತ ಬರೆದುಕೊಟ್ಟದ್ದೂ ಅದರಲ್ಲಿ ಎಷ್ಟಿದೆಯೋ. ನಮ್ಮ ತೂಕ ಸರಿಯಾಗಿಯೇ ಇತ್ತು. ಬೆಲೆ ಬದಲಾಯಿತು ಅಷ್ಟೆ."

ಬಿಸಾಡುವುದು ತಿರಸ್ಕಾರವೆಂದು ನಾನು ಇಷ್ಟು ಕಾಲ ತಿಳಿದಿದ್ದೆ. ಅದಕ್ಕೇ ಮುರಿದ ಛತ್ರಿಯನ್ನೂ ಬಿಡಲಾರದವನಾಗಿದ್ದೆ. ಜೀವಕೋಶದ ರೀತಿ ಬೇರೆ. ಅದು ಆತುರದಲ್ಲಿ ಎಸೆಯುವುದಿಲ್ಲ. ಮೂವರನ್ನು ಕೇಳುತ್ತದೆ, ನಾಲ್ಕು ಸಲ ಗುರುತು ಹಾಕುತ್ತದೆ, ಕೈಯಿಂದ ಕಾಸು ಕೊಡುತ್ತದೆ, ಒಡೆದದ್ದನ್ನು ಮತ್ತೆ ಕಟ್ಟುವುದಕ್ಕೆ ಉಳಿಸಿಕೊಳ್ಳುತ್ತದೆ. ಹಾಗೆ ಕಳೆಯುವುದೂ ಒಂದು ಆದರವೇ. ಅಣ್ಣ ಆ ದಿನ ಮನೆಯನ್ನು ಖಾಲಿ ಮಾಡಿದ್ದು ಹಾಗೆ.

ಕೊನೆಗೆ ಒಂದು ಸಣ್ಣ ತಗಡಿನ ಡಬ್ಬಿ ಉಳಿಯಿತು. ಅದರಲ್ಲಿ ಒಂದು ಮೂಳೆಬೂದಿಯ ಬಟ್ಟಲು, ಒಂದು ಚಿಮಟ. ಬೆಳಗ್ಗೆ ಅಣ್ಣ ತಾವೇ ಅದಕ್ಕೆ ಮೂರು ಚೀಟಿ ಹಚ್ಚಿಸಿದ್ದರು. ನಾಲ್ಕನೆಯದಕ್ಕೆ ಮೈದಾ ಬಳಿದು ನಾನು ಹಿಡಿದುಕೊಂಡಿದ್ದೆ. ಅವರು ಏನೂ ಹೇಳದೆ ಡಬ್ಬಿ ತೆರೆದು ಚಿಮಟವನ್ನು ಎತ್ತಿಕೊಂಡರು. ಮಡಿಲಲ್ಲಿ ನಡುಗುತ್ತಿದ್ದ ಕೈ, ಚಿಮಟ ಹಿಡಿದು ಮುಂದೆ ಚಾಚಿದೊಡನೆ ಮೆಲ್ಲಗೆ ಶಾಂತವಾಯಿತು. ಕೈಗೆ ಕೆಲಸ ಕೊಟ್ಟಾಗ ಈ ನಡುಕ ಕೊಂಚ ಇಳಿಯುವುದುಂಟೆಂದು ವೈದ್ಯರು ಹೇಳಿದ್ದರು. ನಾನು ಕಣ್ಣಾರೆ ಕಂಡದ್ದು ಆಗಲೇ. ಅಣ್ಣ ಉಸಿರು ಹಿಡಿದರು. ಡಬ್ಬಿಯ ಮುಚ್ಚಳದ ಮೇಲಿದ್ದ ಮೂರು ಚೀಟಿಗಳನ್ನು ಒಂದೊಂದಾಗಿ, ಅಂಚು ಹರಿಯದಂತೆ, ಚಿಮಟದಿಂದಲೇ ಬಿಡಿಸಿ ನೆಲದ ಮೇಲೆ ಇಟ್ಟರು.

ಆಮೇಲೆ ಉಸಿರು ಬಿಟ್ಟರು. ಕೈ ಮತ್ತೆ ನಡುಗಿತು.

"ಇದು ನನ್ನ ಜೊತೆ ಬೆಂಗಳೂರಿಗೆ" ಎಂದರು.

ರಾತ್ರಿ ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿನಲ್ಲಿ ಗಾಡಿಗೆ ಕಾಯುತ್ತಿದ್ದಾಗ ಜೇಬಿನಲ್ಲಿ ಏನೋ ಅಂಟಂಟಾಯಿತು. ಆ ನಾಲ್ಕನೆಯ ಚೀಟಿ. ಮನೆಗೆ ಹೋದೊಡನೆ ಅದನ್ನು ನನ್ನ ಮುರಿದ ಛತ್ರಿಗೆ ಹಚ್ಚಿದೆ. ಇನ್ನೂ ಮೂರು ಬೀಳಬೇಕು. ನನ್ನ ಹೆಂಡತಿ ಕಾಯಲು ಒಪ್ಪಿದ್ದಾಳೆ.